ಒಂದೇ ಆಘಾತ, ಬೇರೆ ಬೇರೆ ವಯಸ್ಸು

ಫಾಲ್ಗುಣ ಮಾಸದಲ್ಲಿ ನಡೆಯುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಒಂದೆಡೆ ಕೊಬ್ಬರಿ ಸುಡುವ ಹೊಗೆ, ಇನ್ನೊಂದೆಡೆ ತೇರಿನ ಮಿಣಿಗೆ ಕೈ ಹಾಕಲು ನೂಕುನುಗ್ಗಲು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮೂರು ತಲೆಮಾರಿನವರು ಒಂದೇ ಬೀದಿಯಲ್ಲಿ ನಿಂತಿರುತ್ತಾರೆ. ಅಪ್ಪನ ಹೆಗಲ ಮೇಲೆ ಕೂತ ಕೂಸು, ಮಿಣಿ ಎಳೆಯುವ ಹುಡುಗ, ಮಕ್ಕಳು ಕೈತಪ್ಪದಂತೆ ಹಿಡಿದುಕೊಂಡ ತಾಯಿ, ಜಗಲಿಯ ಮೇಲೆ ಕುಳಿತ ಅಜ್ಜ. 2017ರ ಮಾರ್ಚ್‌ನಲ್ಲಿ ಈ ತೇರು ಉರುಳಿಬಿದ್ದು ಕೆಲವರು ಗಾಯಗೊಂಡರು. ಮೈಮೇಲಿನ ಗಾಯಗಳನ್ನು ಎಣಿಸಬಹುದು. ಆದರೆ ಅಂಥ ಗಳಿಗೆಯೊಂದನ್ನು ಒಟ್ಟಿಗೇ ಕಂಡ ಈ ನಾಲ್ವರಲ್ಲಿ ಯಾರ ಮನಸ್ಸಿನಲ್ಲಿ ಅದು ಹೆಚ್ಚು ಕಾಲ ಉಳಿದೀತು?

ಮಕ್ಕಳು ಬೇಗ ಮರೆಯುತ್ತವೆ, ಮುದುಕರು ಕಷ್ಟ ಕಂಡು ಗಟ್ಟಿಯಾಗಿರುತ್ತಾರೆ ಎಂಬುದು ಊರಿನ ಮಾತು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಅಪಾಯವೂ ಇದೆ.

ಭೀಕರ ಘಟನೆಯೊಂದರ ನಂತರ ಕೆಲವು ದಿನ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು ಸಹಜ. ನಡೆದದ್ದು ಕಣ್ಣಮುಂದೆ ಮತ್ತೆ ಮತ್ತೆ ನಡೆದಂತಾಗಿ, ಆ ಜಾಗಕ್ಕೆ ಹೋಗಲು, ಆ ಮಾತೆತ್ತಲು ಅಂಜಿಕೆಯಾಗಿ, ಇದು ಒಂದು ತಿಂಗಳಿಗೂ ಮೀರಿ ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದ ಸೈನಿಕರಲ್ಲಿ ಇದನ್ನೇ ಹೋಲುವ ಸ್ಥಿತಿಗೆ ‘ಶೆಲ್ ಶಾಕ್’ ಎಂಬ ಹೆಸರಿತ್ತು. ಇಂದಿನ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಮಕ್ಕಳ ಬಗೆಗಿನ ನಂಬಿಕೆ ಅಲುಗಾಡಿದ್ದೂ ಅದೇ ಕಾಲದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ ಶಾಲಾ ಬಸ್ಸಿನ 26 ಮಕ್ಕಳನ್ನು ಚಾಲಕನ ಸಮೇತ ಅಪಹರಿಸಿ, ನೆಲದಡಿ ಹೂತಿದ್ದ ವಾಹನದೊಳಗೆ ಕೂಡಿಹಾಕಲಾಯಿತು. ಎಲ್ಲರೂ ಜೀವಸಹಿತ ಪಾರಾದರು. ಮನೋವೈದ್ಯೆ ಲೆನೋರ್ ಟೆರ್ ನಾಲ್ಕೈದು ವರ್ಷಗಳ ನಂತರ ಮತ್ತೆ ಭೇಟಿ ಮಾಡಿದಾಗಲೂ ಆ ಮಕ್ಕಳಲ್ಲಿ ಆಘಾತದ ಗುರುತುಗಳು ಉಳಿದಿದ್ದವು. ದೊಡ್ಡವರು ಮಾತಿನಲ್ಲಿ ಹೇಳುವುದನ್ನು ಮಗು ಆಟದಲ್ಲಿ ಹೇಳುತ್ತದೆ: ಅದೇ ಅಪಘಾತ, ಅದೇ ಬೆಂಕಿ, ಹತ್ತಾರು ಬಾರಿ, ನಗುವಿಲ್ಲದ ಆಟವಾಗಿ. ಹಾಸಿಗೆ ಒದ್ದೆ ಮಾಡುವುದು, ತಾಯಿಯನ್ನು ಬಿಟ್ಟಿರದಿರುವುದು, ಕಲಿತ ಮಾತನ್ನು ಬಿಡುವುದು ಕೂಡ ಸೂಚನೆಗಳೇ. 2013ರ ಕೈಪಿಡಿಯಲ್ಲಿ ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿಯೇ ಬೇರೆ ಲಕ್ಷಣಪಟ್ಟಿ ಸೇರಿತು. ಹಾಗೆಂದು ಹೆದರಬೇಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಲೆಕ್ಕದಂತೆ, ಆಘಾತ ಕಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಮಾತ್ರ ಈ ಕಾಯಿಲೆ ಬರುತ್ತದೆ.

ಮಗುವಿನ ಚೇತರಿಕೆ ಬಹುಪಾಲು ಅದರ ಸುತ್ತಲಿನ ದೊಡ್ಡವರ ಮೇಲೆ ನಿಂತಿದೆ. ಆ ದೊಡ್ಡವರೇ ಕುಸಿದರೆ? 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನ ತಜ್ಞರು ಮೃತರ ಬಂಧುಗಳ ದುಃಖವನ್ನು ಅಧ್ಯಯನ ಮಾಡಿದರು. 1987ರಲ್ಲಿ ಪ್ರಕಟವಾದ ಆ ಬರಹ, ದುರಂತ ಮತ್ತು ಮನಸ್ಸಿನ ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲೊಂದು. ಬದುಕುಳಿದ ಮಗುವಿಗೆ ಕಂಡ ಬೆಂಕಿಯ ಭಯ, ಹೆತ್ತವರಿಗೆ ಕಳೆದುಕೊಂಡ ಕೂಸಿನ ಕೊರಗು. ದುರಂತ ಒಂದೇ ಆದರೂ ವಯಸ್ಸಿಗೆ ತಕ್ಕಂತೆ ಪೆಟ್ಟು ಬೇರೆ.

ದೊಡ್ಡವರಲ್ಲಿ ಯಾವ ವಯಸ್ಸಿನವರಿಗೆ ಅಪಾಯ ಹೆಚ್ಚು? ಅಮೆರಿಕದಲ್ಲಿ 2001ರಿಂದ 2003ರವರೆಗೆ ನಡೆದ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬಂದವರ ಪ್ರಮಾಣ 45ರಿಂದ 59 ವಯಸ್ಸಿನವರಲ್ಲಿ ಶೇ 9.2, 60 ದಾಟಿದವರಲ್ಲಿ ಕೇವಲ ಶೇ 2.5 ಇತ್ತು. ಆದರೆ ಒಂದು ದೇಶದ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲ. ಫ್ರಾನ್ ನಾರಿಸ್ ಮತ್ತು ಸಂಗಡಿಗರು 2002ರಲ್ಲಿ ಮೂರು ದೇಶಗಳನ್ನು ಹೋಲಿಸಿದರು. ಅಮೆರಿಕದಲ್ಲಿ ಚಂಡಮಾರುತದ ನಂತರ ನಡುವಯಸ್ಸಿನವರು ಹೆಚ್ಚು ನೊಂದಿದ್ದರು. ಮೆಕ್ಸಿಕೋದಲ್ಲಿ ಚಂಡಮಾರುತದ ನಂತರ ಕಿರಿಯರು. ಪೋಲೆಂಡಿನಲ್ಲಿ ಪ್ರವಾಹದ ನಂತರ ವೃದ್ಧರು! ಅಂದರೆ ಅಪಾಯ ಇರುವುದು ವರ್ಷಗಳ ಎಣಿಕೆಯಲ್ಲಲ್ಲ. ಆಯಾ ಸಮಾಜ ಆಯಾ ವಯಸ್ಸಿನವರ ಮೇಲೆ ಹೊರಿಸಿರುವ ಹೊರೆಯಲ್ಲಿ.

ಈ ಮಾತು ಮಳೆ ಕಡಿಮೆಯಾದ ಚಳ್ಳಕೆರೆ ಸೀಮೆಗೆ ಚೆನ್ನಾಗಿ ಅನ್ವಯಿಸುತ್ತದೆ. ಹೆದ್ದಾರಿಯ ಅಪಘಾತದಲ್ಲಿ ಬದುಕಿಬಂದ ನಲವತ್ತರ ರೈತನಿಗೆ ಅಳಲು ಪುರುಸೊತ್ತಿಲ್ಲ. ಶೇಂಗಾ ಬಿತ್ತನೆಗೆ ತಂದ ಸಾಲ, ಮಗಳ ಮದುವೆ, ಮಗನ ಓದು, ಹಾಸಿಗೆ ಹಿಡಿದ ತಂದೆ ಎಲ್ಲವೂ ಅವನ ತಲೆಯ ಮೇಲಿವೆ. ಅದೇ ಮನೆಯ ಹೆಂಗಸಿನ ಪಾಡು ಇನ್ನೂ ಕಠಿಣ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚೆಂದು ಅನೇಕ ಸಮೀಕ್ಷೆಗಳು ಹೇಳಿವೆ. ಇನ್ನು ಅಜ್ಜ, ಮನಸ್ಸಿನ ನೋವನ್ನು ಮಂಡಿನೋವು, ಎದೆ ಉರಿ, ನಿದ್ದೆಗೇಡು ಎಂದು ಹೇಳುವುದರಿಂದ ಲೆಕ್ಕಕ್ಕೇ ಸಿಗದೆ ಹೋಗಬಹುದು. ದುಡಿಮೆ ನಿಂತಾಗ, ಸಂಗಾತಿ ತೀರಿಕೊಂಡಾಗ ಎಷ್ಟೋ ವರ್ಷ ಅದುಮಿಟ್ಟ ನೆನಪು ಮೇಲೆದ್ದು ಬರುವುದೂ ಉಂಟು.

ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು 77 ಅಧ್ಯಯನಗಳನ್ನು ಒಟ್ಟಿಗಿಟ್ಟು 2000ದಲ್ಲಿ ಕಂಡುಕೊಂಡದ್ದು ಇಲ್ಲಿ ಮುಖ್ಯ. ಎಳೆಯ ವಯಸ್ಸಿನ ಪ್ರಭಾವ ಇದೆ, ಆದರೆ ಅದು ಚಿಕ್ಕದು. ಆಘಾತದ ನಂತರ ಆಸರೆ ಸಿಗದಿರುವುದು ಮತ್ತು ಮೇಲಿಂದ ಮೇಲೆ ಕಷ್ಟ ಬರುವುದು ಅದಕ್ಕಿಂತ ದೊಡ್ಡ ಕಾರಣಗಳು. ವಯಸ್ಸನ್ನು ಬದಲಿಸಲಾಗದು, ಆಸರೆಯನ್ನು ಕೊಡಬಹುದು.

ಆ ಆಸರೆ ಪಟ್ಟಣಕ್ಕೆ ಮಾತ್ರ ಮೀಸಲಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಮೊಳಕಾಲ್ಮುರಿನ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರಿಂದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬೆಚ್ಚಿದ ಮಗುವಿಗೆ ದೃಷ್ಟಿ ತೆಗೆದು, ತಾಯಿತ ಕಟ್ಟಿ, ಮಡಿಲಲ್ಲಿ ಮಲಗಿಸಿಕೊಳ್ಳುವ ಅಜ್ಜಿಯ ರೂಢಿಯಲ್ಲಿ ಆ ಮಡಿಲಂತೂ ಮದ್ದೇ ಹೌದು. ತಿಂಗಳು ಕಳೆದರೂ ಮಗುವಿನ ಹೆದರಿಕೆ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಗೆ ಕರೆದೊಯ್ಯುವಾಗ ಆ ಅಜ್ಜಿಗೂ ಒಂದು ಮಾತು ಕೇಳುವುದೊಳ್ಳೆಯದು: ‘ನಿನಗೆ ರಾತ್ರಿ ನಿದ್ದೆ ಬರ್ತದೇನವ್ವಾ?’