ಸೌದೆ ಕೊಯ್ಯಲು ಎಷ್ಟು ಇಂಚಿನ ಚೈನ್ ಸಾ ಬೇಕು?

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈ ಬಳಿ ದಡ ದಾಟಿತು. ತಾಂಬರಂ ಪಕ್ಕದ ವಂಡಲೂರು ಮೃಗಾಲಯ ಒಂದರಲ್ಲೇ ಸಾವಿರಾರು ಮರಗಳು ಬುಡಮೇಲಾದವು. ಬೀದಿಬೀದಿಗಳಲ್ಲಿ ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫೋರಂ, ಮಳೆ ಮರಗಳು ಅಡ್ಡ ಬಿದ್ದಿದ್ದವು. ಹಿಂಗಾರು ಹತ್ತಿರ ಬಂದಾಗಲೆಲ್ಲ ಇಲ್ಲಿ ಸ್ವಂತ ಜಾಗ, ತೋಪು, ಕಲ್ಯಾಣಮಂಟಪ ಇಟ್ಟುಕೊಂಡವರಿಗೆ ಒಂದು ಚೈನ್ ಸಾ ತಂದಿಟ್ಟುಕೊಳ್ಳೋಣ ಅನ್ನಿಸುವುದು ಸಹಜ. ಬಿದ್ದ ಮರ ತೆಗೆಯಲೂ ಆಯಿತು, ಒಲೆಗೆ ಸೌದೆ ಮಾಡಿಕೊಳ್ಳಲೂ ಆಯಿತು. ಆದರೆ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಚೈನು ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರ್ ಮೇಲೆ. ‘58 ಸಿಸಿ, 22 ಇಂಚು’ ಎಂದು ಬರೆದ ಅಗ್ಗದ ಮಿಷನ್ ಎಲ್ಲ ಕಡೆ ಸಿಗುತ್ತದೆ, ದೊಡ್ಡದಾಗಿಯೂ ಕಾಣುತ್ತದೆ. ಸೌದೆಗೆ ಅಷ್ಟು ಉದ್ದ ಬೇಕಾಗಿಲ್ಲ. ಬೇಕಿಲ್ಲದ ಉದ್ದ ಅಪಾಯವೂ ಹೌದು.

ಮಿಷನ್ ನೋಡುವ ಮುಂಚೆ ಒಂದು ಟೇಪು ಹಿಡಿದು ನೀವು ಕೊಯ್ಯಲಿರುವ ಮರವನ್ನು ಅಳೆಯಿರಿ. ಚೆನ್ನೈ ಸುತ್ತ ಉರುವಲಿಗೆ ಮಾರುವುದು ಹೆಚ್ಚಾಗಿ ಸರ್ವೆ ಮರ. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸ್ ಕರಾವಳಿಯಲ್ಲಿ ರೈಲ್ವೆ ಎಂಜಿನ್ನುಗಳ ಉರುವಲಿಗೆಂದೇ ಇದರ ತೋಪುಗಳನ್ನು ಬೆಳೆಸಿದ್ದರು. ಸೌದೆ ಒಲೆಯ ಮೇಲೆ ಬಿರಿಯಾನಿ ದಮ್ ಕಟ್ಟುವವರು, ಮದುವೆ ಅಡುಗೆಯವರು ಈಗಲೂ ಇದನ್ನು ಕೇಳಿ ತರಿಸುತ್ತಾರೆ. ಸೌದೆಗೆ ಬರುವ ಸರ್ವೆ ಕಂಬ ನಾಲ್ಕರಿಂದ ಆರು ಇಂಚು ದಪ್ಪ ಇದ್ದರೆ ಹೆಚ್ಚು. ಖಾಲಿ ಜಾಗಗಳಲ್ಲಿ, ಕೆರೆ ಅಂಗಳದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಕಾಂಡವೂ ಅಷ್ಟೇ, ಜೊತೆಗೆ ಸೊಟ್ಟ ಮತ್ತು ಮುಳ್ಳು. ದಪ್ಪ ದಿಮ್ಮಿ ಸಿಗುವುದು ಗಾಳಿಗೆ ಬಿದ್ದ ಬೀದಿ ಮರಗಳಲ್ಲಿ. ಅವುಗಳ ಬುಡ ಎರಡಡಿ ಇದ್ದರೂ ಕೊಂಬೆಗಳ ಬಹುಪಾಲು ಒಂದಡಿಯ ಒಳಗೇ ಇರುತ್ತದೆ.

ಬಾರ್ ಉದ್ದ ನಿಮ್ಮ ಮಾಮೂಲಿ ದಿಮ್ಮಿಯ ದಪ್ಪಕ್ಕಿಂತ ಎರಡು ಇಂಚು ಜಾಸ್ತಿ ಇದ್ದರೆ ಸಾಕು. 14 ಇಂಚು ದಪ್ಪದ ಮರವನ್ನು 16 ಇಂಚಿನ ಬಾರ್ ಒಂದೇ ಸಲಕ್ಕೆ ಕೊಯ್ಯುತ್ತದೆ. ಅಪರೂಪಕ್ಕೆ ಬರುವ ದಪ್ಪ ಬುಡವನ್ನು ಎರಡೂ ಬದಿಯಿಂದ ಕೊಯ್ದರೆ ಅದೇ ಬಾರ್ ಸುಮಾರು ಎರಡಡಿಯವರೆಗೆ ನಿಭಾಯಿಸುತ್ತದೆ. ವರ್ಷಕ್ಕೊಮ್ಮೆ ಬರುವ ಬುಡಕ್ಕಾಗಿ ವರ್ಷವಿಡೀ ಉದ್ದ ಬಾರ್ ಹೊರುವುದರಲ್ಲಿ ಅರ್ಥವಿಲ್ಲ. ಅಂಥ ಬುಡಕ್ಕೆ ಬಾಡಿಗೆಗೆ ಆಳು, ಮಿಷನ್ ಎರಡೂ ಕರೆಸಿ.

ಎಂಜಿನ್ ಮತ್ತು ಬಾರ್ ಜೋಡಿ ಸರಿಹೊಂದಬೇಕು ಎನ್ನುವುದಕ್ಕೆ ಕಾರಣವಿದೆ. ಮಿಷನ್ ಪೂರ್ತಿ ವೇಗದಲ್ಲಿ ಓಡುವಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಸಾಗುತ್ತದೆ. ಬಾರ್ ಅಂಚಿನ ತೋಡಿನಲ್ಲಿ ಅದನ್ನು ಎಳೆಯುವುದಕ್ಕೇ ಒಂದಿಷ್ಟು ಶಕ್ತಿ ಖರ್ಚು. ಉದ್ದ ಬಾರ್ ಪೂರ್ತಿ ಮರದೊಳಗೆ ಹೂತಾಗ ಏಕಕಾಲಕ್ಕೆ ಹೆಚ್ಚು ಹಲ್ಲುಗಳು ಮರ ಕಚ್ಚುತ್ತವೆ. ಎಂಜಿನ್ನಿಗೆ ಕಸುವು ಸಾಲದಿದ್ದರೆ ವೇಗ ಇಳಿಯುತ್ತದೆ, ಕ್ಲಚ್ ಜಾರಿ ಬಿಸಿಯಾಗುತ್ತದೆ, ಕೊಯ್ಯುವವನು ಬಲ ಹಾಕಿ ಒತ್ತತೊಡಗುತ್ತಾನೆ. ಸರ್ವೆ, ಜಾಲಿ, ಹುಣಸೆಯಂಥ ಗಟ್ಟಿ ಮರ, ಅದೂ ಒಣಗಿದ್ದರೆ, ಈ ಕೊರತೆ ಬೇಗ ಗೊತ್ತಾಗುತ್ತದೆ. ಹಸಿ ಗುಲ್‌ಮೊಹರಿನಲ್ಲಿ ಗೊತ್ತಾಗುವುದೇ ಇಲ್ಲ.

35 ಸಿಸಿ ಒಳಗಿನ ಸಣ್ಣ ಮಿಷನ್ನಿಗೆ 12ರಿಂದ 14 ಇಂಚು, 45ರಿಂದ 50 ಸಿಸಿಯ ಮಧ್ಯಮ ಮಿಷನ್ನಿಗೆ 16 ಅಥವಾ 18, ಅದಕ್ಕೂ ಉದ್ದ ಬೇಕಿದ್ದರೆ ನಿಜವಾದ 60 ಸಿಸಿ ಇರಬೇಕು. ಸ್ಟಿಲ್ ಎಂಎಸ್ 250 (45.4 ಸಿಸಿ, 2.3 ಕಿಲೋವಾಟ್), ಹಸ್ಕ್‌ವರ್ನಾ 450 (50.2 ಸಿಸಿ, 2.4 ಕಿಲೋವಾಟ್) ಈ ಮಧ್ಯಮ ವರ್ಗದವು. ಸಿಸಿಗಿಂತ ಕಿಲೋವಾಟ್ ನೋಡಿ. ಸಿಸಿ ಜಾಸ್ತಿ ಬರೆದ ಅಗ್ಗದ ಮಿಷನ್ ಹಲವು ಸಲ ಇದಕ್ಕಿಂತ ಹೆಚ್ಚು ಶಕ್ತಿ ಕೊಡುವುದಿಲ್ಲ. ಈಗಾಗಲೇ 22 ಇಂಚಿನದು ತಂದಿದ್ದರೆ, ಅದೇ ಮಿಷನ್ನಿಗೆ ಕೂರುವ 18 ಇಂಚಿನ ಬಾರ್ ಮತ್ತು ಚೈನು ಹಾಕಿಸಿ. ಮಿಷನ್ ಹಗುರಾಗಿ ಓಡುವುದು ಕೈಗೇ ತಿಳಿಯುತ್ತದೆ.

ನನ್ನ ಆಯ್ಕೆ 45–50 ಸಿಸಿಗೆ 16 ಇಂಚು. ಎತ್ತರದ ಆಳಿಗೆ 18 ಕೊಡಬಹುದು, ನೆಲದ ಮೇಲಿನ ದಿಮ್ಮಿಗೆ ಅಷ್ಟು ಬಗ್ಗಬೇಕಾಗುವುದಿಲ್ಲ. 16ರ ಪರವಾಗಿ ದೊಡ್ಡ ಕಾರಣ ಬಾರ್‌ನ ಮೂತಿ. ಮೂತಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಗುಲಿದರೆ ಚೈನು ಮುಂದೆ ಕೊಯ್ಯಲಾರದೆ ಇಡೀ ಬಾರ್ ಅನ್ನು ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಎಸೆಯುತ್ತದೆ. ಇದೇ ಕಿಕ್‌ಬ್ಯಾಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿರುತ್ತದೆ. ಆರು ಇಂಚಿನ ಸರ್ವೆಯನ್ನು 22 ಇಂಚಿನ ಬಾರ್‌ನಲ್ಲಿ ಕೊಯ್ಯುವಾಗ ಒಂದಡಿಗೂ ಮಿಕ್ಕಿ ಬಾರ್ ಆಚೆ ಚಾಚಿಕೊಂಡು, ರಾಶಿಯಲ್ಲಿನ ಇನ್ನೊಂದು ಕೊರಡಿಗೆ ತಗುಲುವುದು ನಿಮಗೆ ಕಾಣುವುದೇ ಇಲ್ಲ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ ಎಂದು ಪ್ರತಿದಿನ ಪರೀಕ್ಷಿಸಿ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿನಿಂದ ಬಳಸಿ ಹಿಡಿದಿರಲಿ.

ಲುಂಗಿ ಮೇಲಕ್ಕೆ ಕಟ್ಟಿ, ಬರಿಗಾಲಲ್ಲಿ ಮಿಷನ್ ಹಿಡಿದು ಮರದ ಮೇಲೆ ನಿಂತವರನ್ನು ಇಲ್ಲಿ ಪ್ರತಿ ಬಿರುಗಾಳಿಯ ನಂತರ ನೋಡುತ್ತೇವೆ. ನೋಡಿ ಸುಮ್ಮನಿರಬಾರದು. ಚೈನು ತಡೆಯುವ ಕಾಲುಗವಸು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕಿವಿ ಮುಚ್ಚುವ ಮಫ್, ಗಟ್ಟಿ ಬೂಟು ಇವಿಷ್ಟರ ಬೆಲೆಯನ್ನು ಮಿಷನ್ನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಕೂಲಿಯವರಿಂದ ಕೊಯ್ಸುವುದಾದರೆ ಇವನ್ನೆಲ್ಲ ಒದಗಿಸುವ ಹೊಣೆ ಮಾಲೀಕರದು. ಬೇರು ಸಮೇತ ಒರಗಿದ ಮರದ ಕಾಂಡ ಕತ್ತರಿಸಿದ ಕೂಡಲೇ ಬುಡ ಮತ್ತೆ ನೆಟ್ಟಗೆ ಎದ್ದು ನಿಲ್ಲಬಹುದು, ಹತ್ತಿರ ಯಾರೂ ಇರಬಾರದು. ಕರೆಂಟ್ ತಂತಿ ಸಿಕ್ಕಿಕೊಂಡಿದ್ದರೆ ವಿದ್ಯುತ್ ಇಲಾಖೆಯವರು ಬಂದು ಲೈನ್ ಕಡಿಯುವವರೆಗೆ ಮುಟ್ಟಲೇಬೇಡಿ.

ಕರೆಂಟಿನಲ್ಲಿ ಓಡುವ ಚೈನ್ ಸಾ ಅಗ್ಗ, ಸದ್ದು ಕಡಿಮೆ, ಮನೆ ಅಂಗಳದ ಸೌದೆಗೆ ಸಾಕು. ಆದರೆ ಚಂಡಮಾರುತದ ಮರುದಿನ ಕರೆಂಟೇ ಇರುವುದಿಲ್ಲ, ನೆಲವೆಲ್ಲ ನೀರು.

ಯಾವ ಬಾರ್ ಆದರೂ ಕೊಯ್ಯುವುದು ಹಲ್ಲು. 16 ಇಂಚಿನ ಚೈನಿನಲ್ಲಿ ಸುಮಾರು 33 ಹಲ್ಲು, 20 ಇಂಚಿನದರಲ್ಲಿ ಸುಮಾರು 40. ಮಸೆಯುವ ಕೆಲಸ ಅಷ್ಟು ಹೆಚ್ಚು. 0.325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿಲಿಮೀಟರಿನ ದುಂಡು ಅರ ಬೇಕು. ಹಲ್ಲಿನ ಮೇಲೆ ಗುರುತು ಹಾಕಿದ 30 ಡಿಗ್ರಿ ಓರೆಯಲ್ಲಿ ಅರವನ್ನು ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸ್ ಎಳೆಯುವಾಗ ಎತ್ತಿಬಿಡಿ. ಒಂದೊಂದು ಹಲ್ಲಿಗೂ ಸಮನಾಗಿ ಎರಡು ಮೂರು ಸಲ. ಒಂದು ಬದಿಯದು ಮುಗಿದ ಮೇಲೆ ಇನ್ನೊಂದು ಬದಿಯದು. ಬದಿಗಳು ಸಮ ಇಲ್ಲದಿದ್ದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ. ಹರಿತ ಇದ್ದಾಗ ಅವಲಕ್ಕಿಯಂತೆ ಚಪ್ಪಟೆ ಚೂರುಗಳು ಹಾರುತ್ತವೆ. ನುಣ್ಣನೆಯ ಪುಡಿ ಬರತೊಡಗಿತೋ, ನಿಲ್ಲಿಸಿ ಮಸೆಯಿರಿ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲಿ ಮುಡಿಚೂರು, ವರದರಾಜಪುರದ ಕಡೆ ಆದಂತೆ ನೆರೆನೀರಲ್ಲಿ ನಿಂತ ಮರದ ತೊಗಟೆಯೊಳಗೆ ಕೆಸರು, ಮರಳು ಕೂತಿರುತ್ತದೆ. ಕೊಯ್ಯುವ ಜಾಗವನ್ನು ಮೊದಲು ಕೊಡಲಿಯಿಂದ ಕೆತ್ತಿ ಒರೆಸದಿದ್ದರೆ ಹೊಸ ಚೈನು ಕ್ಷಣಗಳಲ್ಲಿ ಮೊಂಡಾಗುತ್ತದೆ.

ಎಣ್ಣೆ ಎರಡು ಬಗೆ. ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆ 50:1 ಎಂದಿದ್ದರೆ ಲೀಟರಿಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ. ಯಾವುದೆಂದು ಮಿಷನ್ ಜೊತೆ ಬಂದ ಪುಸ್ತಕ ನೋಡಿ. ಈಗ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲೇ ಹೆಚ್ಚು; ಅದು ತೇವ ಹೀರುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರ್ ಕೆಡುತ್ತದೆ. ಎಷ್ಟು ಎಥನಾಲ್ ತಡೆಯುತ್ತದೆಂದು ಪುಸ್ತಕದಲ್ಲಿ ಇರುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಬಾರ್‌ಗೆ ಹಾಕುವ ಎಣ್ಣೆ ಬೇರೆ. ಗಾಡಿಯಿಂದ ಇಳಿಸಿದ ಕರಿ ಆಯಿಲ್ ಬೇಡ, ಅದರ ಲೋಹದ ಪುಡಿ ಬಾರ್ ಮತ್ತು ಪಂಪನ್ನು ತಿನ್ನುತ್ತದೆ. ಮೂತಿಯನ್ನು ಒಣ ಕೊರಡಿನ ತಿಳಿ ಮೈಗೆ ತಾಗಿಸದೆ ಹಿಡಿದು ಜೋರು ಮಾಡಿದರೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಕೊಯ್ಯಬೇಡಿ.

ನಿಂತ ಮರ ಕಡಿಯುವ ಮುಂಚೆ ಅನುಮತಿ ವಿಚಾರಿಸಿ. ತಾಳೆ ಮರಕ್ಕಂತೂ ತಮಿಳುನಾಡಿನಲ್ಲಿ ಜಿಲ್ಲಾಧಿಕಾರಿಗಳ ಒಪ್ಪಿಗೆ ಬೇಕು.

ಮಿಷನ್ ಕೊಳ್ಳುವಾಗಲೇ ಎರಡು ಚೈನು ಹೆಚ್ಚಿಗೆ ತೆಗೆದುಕೊಳ್ಳಿ. ‘16 ಇಂಚಿನದು ಕೊಡಿ’ ಎಂದು ಕೇಳಿದರೆ ಸಾಲದು. ಪಿಚ್, ಬಾರ್ ತೋಡಿನ ಅಗಲ, ತೋಡಿನಲ್ಲಿ ಕೂರುವ ಡ್ರೈವ್ ಲಿಂಕುಗಳ ಸಂಖ್ಯೆ ಮೂರೂ ಕೂಡಬೇಕು. ಸಾಮಾನ್ಯವಾಗಿ ಇವನ್ನು ಬಾರ್‌ನ ಎಂಜಿನ್ ಕಡೆಯ ತುದಿಯಲ್ಲಿ ಒತ್ತಿರುತ್ತಾರೆ. ಬಾರ್ ಸವೆದು ಅಕ್ಷರ ಅಳಿಸಿಹೋಗುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.