ಅಡಿಗೆಮನೆಯ ಸೋದರ ಲಾರೆನ್ಸ್

ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಒಂದು ಅಭ್ಯಾಸವುಂಟು. ನೆಮ್ಮದಿಯನ್ನು ನಾವು ಯಾವಾಗಲೂ ಮುಂದಿನ ತಾರೀಖಿಗೆ ಹಾಕುತ್ತೇವೆ. ಮಗಳ ಮದುವೆಯಾಗಲಿ, ಮನೆಯ ಸಾಲದ ಕಂತು ಮುಗಿಯಲಿ, ನಿವೃತ್ತರಾಗಿ ಧಾರವಾಡದಲ್ಲೋ ಉಡುಪಿಯಲ್ಲೋ ಒಂದು ಸಣ್ಣ ಮನೆ ಮಾಡಿಕೊಳ್ಳೋಣ. ಆಮೇಲೆ ದೇವರು, ಧ್ಯಾನ, ಮನಶ್ಶಾಂತಿ ಎಲ್ಲವನ್ನೂ ನೋಡಿಕೊಂಡರಾಯಿತು ಎನ್ನುತ್ತೇವೆ. ಅಲ್ಲಿಯವರೆಗೆ ಕಚೇರಿ, ಕಡತ, ಕಂತು. ನಮ್ಮ ನಡುವಿನ ಕ್ರೈಸ್ತ ಕುಟುಂಬಗಳೂ ಇದಕ್ಕೆ ಹೊರತಲ್ಲ. ಭಾನುವಾರದ ಎರಡು ಗಂಟೆ ದೇವರದು, ಉಳಿದ ವಾರವೆಲ್ಲ ಸಾಹೇಬರದು ಎಂಬ ಹಂಚಿಕೆ ಅಲ್ಲಿಯೂ ನಡೆದೇ ಇದೆ.

ಈ ಹಂಚಿಕೆಯೇ ಸರಿಯಲ್ಲವೆಂದು ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಒಬ್ಬ ಅಡಿಗೆಯವನು ಕಂಡುಕೊಂಡನು. ಆತನು ಪಂಡಿತನಲ್ಲ, ಪಾದ್ರಿಯಲ್ಲ, ವೇದಿಕೆ ಹತ್ತಿ ಮಾತನಾಡಿದವನೂ ಅಲ್ಲ. ಆದರೂ ದಿನಬಳಕೆಯ ಬದುಕಿಗೂ ದೇವರಿಗೂ ನಡುವೆ ನಾವು ಕಟ್ಟಿಕೊಂಡಿರುವ ಗೋಡೆಯನ್ನು ಆತನಷ್ಟು ಸರಳವಾಗಿ ಕೆಡವಿದವರು ಅಪರೂಪ. ಲೋಕಕ್ಕೆ ಆತನ ಹೆಸರು ಸೋದರ ಲಾರೆನ್ಸ್.

ಹುಟ್ಟುಹೆಸರು ನಿಕೊಲಾಸ್ ಹರ್ಮನ್. ಈಗ ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತದ ಒಂದು ಹಳ್ಳಿಯಲ್ಲಿ ೧೬೧೪ರ ಸುಮಾರಿಗೆ ಬಡವರ ಮನೆಯಲ್ಲಿ ಹುಟ್ಟಿದನು. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ, ಎಲೆ ಉದುರಿ ಬೋಳಾಗಿ ನಿಂತ ಮರವೊಂದನ್ನು ಕಂಡನಂತೆ. ಇನ್ನು ಸ್ವಲ್ಪ ದಿನಗಳಲ್ಲಿ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣು ಕೊಡುತ್ತದೆ ಎಂಬ ಯೋಚನೆ ಬಂದಿತು. ಅದರೊಡನೆಯೇ ದೇವರ ಶಕ್ತಿಯೂ ಪಾಲನೆಯೂ ಮನಸ್ಸಿಗೆ ನಾಟಿದವು. ಆ ಗುರುತು ಜೀವಮಾನವೆಲ್ಲ ಅಳಿಸಲಿಲ್ಲ. ಹಾಗೆಂದು ಮರುದಿನವೇ ಸನ್ಯಾಸಿಯಾದನೆಂದು ತಿಳಿಯಬೇಡಿ. ಯೂರೋಪನ್ನು ೧೬೧೮ರಿಂದ ೧೬೪೮ರವರೆಗೆ ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಆತನೂ ಒಬ್ಬ ಸಿಪಾಯಿ. ಗೂಢಚಾರನೆಂಬ ಸಂಶಯಕ್ಕೆ ಸಿಕ್ಕಿ ಗಲ್ಲಿನಿಂದ ಪಾರಾದನು, ಗಾಯಗೊಂಡು ಕುಂಟನಾದನು. ಬಳಿಕ ದೊಡ್ಡ ಮನುಷ್ಯರೊಬ್ಬರ ಮನೆಯಲ್ಲಿ ಆಳಾಗಿದ್ದನು. ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒರಟು ಕೈಯವನು ತಾನೆಂದು ತಾನೇ ಹೇಳಿಕೊಂಡಿದ್ದಾನೆ.

೧೬೪೦ರಲ್ಲಿ ಆತನು ಪ್ಯಾರಿಸಿನ ಕಾರ್ಮೆಲೈಟ್ ಸನ್ಯಾಸಿಗಳ ಮಠವನ್ನು ಸೇರಿದನು. ಆ ಮಠದಲ್ಲಿ ಓದುಬಲ್ಲವರು ಪಾದ್ರಿಗಳಾಗಿ ಪೂಜೆ ನಡೆಸುವರು. ಓದಿಲ್ಲದವರು ಸೋದರರೆನಿಸಿಕೊಂಡು ಮೈಗೆಲಸ ಮಾಡುವರು. ಹಿಂದೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ನಾಲ್ಕನೆಯ ದರ್ಜೆ ಎನ್ನುತ್ತಿದ್ದರಲ್ಲ, ಹೆಚ್ಚುಕಡಮೆ ಅದೇ. ಲಾರೆನ್ಸನ ಪಾಲಿಗೆ ಬಂದದ್ದು ಅಡಿಗೆಮನೆ.

ಅಡಿಗೆಯ ಕೆಲಸವೆಂದರೆ ಆತನಿಗೆ ಸ್ವಭಾವತಃ ಬಹಳ ಬೇಸರ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಸಂಗತಿಯೇ. ಇಷ್ಟವಾದ ಕೆಲಸದಲ್ಲಿ ದೇವರನ್ನು ಕಾಣುವುದು ಅಷ್ಟು ಕಷ್ಟವಲ್ಲ. ವೀಣೆ ನುಡಿಸುವವರು, ಚಿತ್ರ ಬರೆಯುವವರು ಹಾಗೆ ಹೇಳಿದರೆ ಒಪ್ಪಿಕೊಳ್ಳಬಹುದು. ಆದರೆ ಅದರಿಂದ ನಮ್ಮಂಥ ಗುಮಾಸ್ತರಿಗೇನು ಬಂತು? ಲಾರೆನ್ಸನಾದರೋ ಬೇಡವಾದ ಕೆಲಸದಲ್ಲಿ ಹದಿನೈದು ವರ್ಷ ಕಳೆದನು. ಕುಂಟುಗಾಲಿಗೆ ನಿಲ್ಲುವುದು ಅಸಾಧ್ಯವಾದ ಮೇಲೆ ಕುಳಿತು ಮಾಡುವ ಕೆಲಸ ಕೊಟ್ಟರು: ಸನ್ಯಾಸಿಗಳ ಚಪ್ಪಲಿ ಹೊಲಿಯುವುದು.

ಆತನು ಮಾಡಿದ ಸಾಧನೆಗೆ ಮಂತ್ರವಿಲ್ಲ, ಆಸನವಿಲ್ಲ. ಕೆಲಸಕ್ಕೆ ಕೈ ಹಾಕುವ ಮೊದಲು ದೇವರೊಡನೆ ಒಂದು ಮಾತು. ಕೆಲಸದ ನಡುವೆ ಆಗಾಗ ಸ್ನೇಹಿತನೊಡನೆ ಆಡುವಂತೆ ಇನ್ನೊಂದೆರಡು ಮಾತು. ಮುಗಿದ ಮೇಲೆ ಹೇಗಾಯಿತೆಂದು ನೋಡಿಕೊಳ್ಳುವುದು. ಚೆನ್ನಾಗಿದ್ದರೆ ಕೃತಜ್ಞತೆ, ಕೆಟ್ಟಿದ್ದರೆ ಕ್ಷಮೆ; ಅಲ್ಲಿಗೆ ಆ ಲೆಕ್ಕ ಮುಗಿಯಿತು, ಅದನ್ನು ನೆನೆನೆನೆದು ಕೊರಗುವುದಿಲ್ಲ. ಮನಸ್ಸು ಅಲೆದುಹೋದರೆ ಗದರಿಸದೆ ಮೆಲ್ಲನೆ ಹಿಂದಕ್ಕೆ ಕರೆತರುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆ ತಿರುವಿ ಹಾಕುವುದನ್ನೂ ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತುವುದನ್ನೂ ಆತನು ದೇವರ ಪ್ರೀತಿಗಾಗಿ ಮಾಡಲು ಕಲಿತನು. ನಾಲ್ಕಾರು ಮಂದಿ ಏಕಕಾಲದಲ್ಲಿ ನಾಲ್ಕಾರು ಪದಾರ್ಥಗಳಿಗಾಗಿ ಕೂಗುತ್ತಿರುವಾಗಲೂ, ಗುಡಿಯಲ್ಲಿ ಮೊಣಕಾಲೂರಿ ಕುಳಿತಾಗ ಎಷ್ಟು ಶಾಂತಿಯೋ ಅಷ್ಟೇ ಶಾಂತಿ ತನಗೆ ಅಡಿಗೆಮನೆಯಲ್ಲಿಯೂ ಇತ್ತೆಂಬುದು ಆತನ ಅನುಭವ.

ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಆತನನ್ನು ದೂರದ ಪ್ರಾಂತಗಳಿಗೆ ಕಳುಹಿಸಿದ್ದುಂಟು. ವ್ಯಾಪಾರ ತಿಳಿಯದು, ಕಾಲು ನೆಟ್ಟಗಿಲ್ಲ. ದೋಣಿಯಲ್ಲಿ ಓಡಾಡಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಾಗಿತ್ತು. ಕೆಲಸ ದೇವರದೆಂದು ಹೇಳಿ ಹೊರಟನು, ಕೆಲಸ ಕೈಗೂಡಿತು. ಹೇಗಾಯಿತೆಂದು ಆತನಿಗೂ ಗೊತ್ತಿರಲಿಲ್ಲ.

ಇದನ್ನು ಓದಿ, ಎಲ್ಲವೂ ಸುಲಭವಾಗಿ ನಡೆದುಹೋಯಿತೆಂದು ಭಾವಿಸಬಾರದು. ಮಠಕ್ಕೆ ಬಂದ ಮೊದಲ ಹತ್ತು ವರ್ಷ ಆತನು ಒಳಗೇ ಬಹಳ ನೊಂದನು. ಅದರಲ್ಲಿ ನಾಲ್ಕು ವರ್ಷವಂತೂ ತನಗೆ ನರಕವೇ ನಿಶ್ಚಯವೆಂಬ ಭಯ. ಯಾರು ಸಮಾಧಾನ ಹೇಳಿದರೂ ಹೋಗಲಿಲ್ಲ. ಕೊನೆಗೆ, ಏನಾದರಾಗಲಿ, ಬದುಕಿರುವಷ್ಟು ದಿನ ದೇವರ ಪ್ರೀತಿಗಾಗಿ ದುಡಿಯುವುದನ್ನು ಬಿಡೆನೆಂದು ಗಟ್ಟಿಮಾಡಿಕೊಂಡನು. ಶಾಂತಿ ಬಂದದ್ದು ಆಮೇಲೆ, ಅದೂ ಶಾಂತಿಯನ್ನು ಕೇಳುವುದನ್ನು ಬಿಟ್ಟ ಮೇಲೆ. ವಾರಾಂತ್ಯದ ಶಿಬಿರಗಳಲ್ಲಿಯೂ ಮೊಬೈಲಿನ ಪಾಠಗಳಲ್ಲಿಯೂ ಮನಶ್ಶಾಂತಿ ಮಾರಾಟಕ್ಕಿರುವ ಈ ಕಾಲದಲ್ಲಿ ಆ ಹತ್ತು ವರ್ಷಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಕೆಲಸದಲ್ಲಿಯೇ ದೇವರೆಂಬ ಮಾತು ಕನ್ನಡಿಗರಿಗೆ ಹೊಸದಲ್ಲವೆಂದು ಓದುಗರು ಆಗಲೇ ಅಂದುಕೊಂಡಿರಬಹುದು. ಲಾರೆನ್ಸನಿಗಿಂತ ಐನೂರು ವರ್ಷ ಮೊದಲೇ ಕಲ್ಯಾಣದ ಶರಣರು ಕಾಯಕವನ್ನು ಪೂಜೆಯ ಸ್ಥಾನಕ್ಕೆ ತಂದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಯಾರು ಕೇಳಿಲ್ಲ? ಆದರೆ ಎರಡೂ ಒಂದೇ ಎಂದುಬಿಡುವುದು ಅವಸರದ ಮಾತಾದೀತು. ಕಾಯಕದ ಜೊತೆಗೆ ದಾಸೋಹವುಂಟು; ದುಡಿದದ್ದು ಸಮಾಜಕ್ಕೆ ಸಲ್ಲಬೇಕು. ಲಾರೆನ್ಸನ ಒತ್ತು ಬೇರೆ ಕಡೆಗಿದೆ: ತನ್ನ ಪಕ್ಕದಲ್ಲಿಯೇ ಒಬ್ಬನು ಇದ್ದಾನೆ, ಆತನನ್ನು ಪ್ರೀತಿಸುತ್ತ ಪಾತ್ರೆ ತೊಳೆಯಬೇಕು.

ಅವನೇನೋ ಸನ್ಯಾಸಿ, ಹೆಂಡತಿ ಮಕ್ಕಳಿಲ್ಲ, ಮನೆಬಾಡಿಗೆಯಿಲ್ಲ, ಅವನಿಗಾದದ್ದು ನಮಗಾದೀತೆ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆತನ ಕಾಗದಗಳಲ್ಲಿ ಇದಕ್ಕೆ ಸ್ವಲ್ಪ ಉತ್ತರವಿದೆ. ಸೈನ್ಯದಲ್ಲಿದ್ದ ಒಬ್ಬ ತರುಣನ ವಿಷಯವಾಗಿ ಬರೆಯುತ್ತ, ಆತನಿಂದ ದೀರ್ಘವಾದ ಪ್ರಾರ್ಥನೆಯನ್ನು ಲಾರೆನ್ಸ್ ಕೇಳುವುದಿಲ್ಲ. ಕತ್ತಿ ಹಿಡಿದು ನಡೆಯುತ್ತಿರುವಾಗಲೇ ಒಂದು ಕ್ಷಣ ಮನಸ್ಸನ್ನು ದೇವರ ಕಡೆಗೆ ಎತ್ತಿದರೆ ಸಾಕು, ಪಕ್ಕದವರಿಗೆ ತಿಳಿಯುವುದೂ ಬೇಡ ಎಂಬುದೇ ಅವನ ಸಲಹೆ. ಕತ್ತಿಯ ನಡುವೆ ಆಗುವುದಾದರೆ ಕಡತದ ನಡುವೆ ಏಕಾಗಬಾರದು? ವಿಧವೆಯೊಬ್ಬರ ಪಿಂಚಣಿಯ ಕಾಗದ ನನ್ನ ಮೇಜಿನ ಮೇಲಿರುತ್ತದೆ. ನಾನು ಅದನ್ನು ನಿಯಮ ನೋಡಿ ಮುಂದಕ್ಕೆ ಕಳುಹಿಸಬಹುದು. ಅಥವಾ ದೇವರ ಎದುರಿಗೆ ಕುಳಿತು ಮುಂದಕ್ಕೆ ಕಳುಹಿಸಬಹುದು. ಎರಡರಲ್ಲಿಯೂ ಬರೆಯುವ ಟಿಪ್ಪಣಿ ಒಂದೇ. ಆದರೆ ಎರಡನೆಯದರಲ್ಲಿ ಸಂಜೆ ಐದೂವರೆಯಾಯಿತೆಂದು ಅದನ್ನು ನಾಳೆಗೆ ತಳ್ಳಲು ಕೈ ಬರುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ಅಡಿಗೆಯವನು ತನಗೆ ತಾನೇ ಹೇಳಿಕೊಂಡದ್ದನ್ನು ಯಜಮಾನನು ಅಡಿಗೆಯವನಿಗೆ ಹೇಳತೊಡಗಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ಕೂಲಿ ಸಾಲದೆಂದು ಕೇಳಿದವನ ಬಾಯಿ ಮುಚ್ಚಿಸಲು ಸೋದರ ಲಾರೆನ್ಸನನ್ನು ಎಳೆದು ತರುವುದು ಅನ್ಯಾಯ. ಮನೆಯ ಹೆಂಗಸರಿಗೆ ಈ ಪುಸ್ತಕವನ್ನು ಉಡುಗೊರೆ ಕೊಟ್ಟು, ತಾವು ಪೇಪರು ಹಿಡಿದು ಕುರ್ಚಿಯಲ್ಲಿ ಕೂರುವ ಗಂಡಸರೂ ಇದನ್ನು ಗಮನಿಸಬೇಕು. ಪಾತ್ರೆ ತೊಳೆದವನು ಆತನೇ ಹೊರತು ಆತನ ಅಕ್ಕನಲ್ಲ.

ಲಾರೆನ್ಸ್ ಪುಸ್ತಕ ಬರೆಯಲಿಲ್ಲ. ಬೋಫೋರ್ ಎಂಬ ಪಾದ್ರಿ ೧೬೬೬ರ ಆಗಸ್ಟ್ ೩ರಂದು ಆತನನ್ನು ಮೊದಲು ಕಂಡು ಮಾತನಾಡಿಸಿದನು. ೧೬೯೧ರ ಫೆಬ್ರುವರಿ ೧೨ರಂದು ಲಾರೆನ್ಸ್ ತೀರಿಕೊಂಡ ಮೇಲೆ ಆ ಸಂಭಾಷಣೆಗಳನ್ನೂ ಹದಿನಾರು ಕಾಗದಗಳನ್ನೂ ಬೋಫೋರನೇ ಅಚ್ಚು ಮಾಡಿಸಿದನು. ಕ್ಯಾಥೊಲಿಕ್ ಮಠದಲ್ಲಿ ಹುಟ್ಟಿದ ಈ ಪುಸ್ತಕವನ್ನು ಮೆಥೊಡಿಸ್ಟರ ಮೂಲಪುರುಷನಾದ ಜಾನ್ ವೆಸ್ಲಿಯೂ ತನ್ನವರಿಗೆ ಓದಲು ಕೊಟ್ಟನು. ಇಂಗ್ಲಿಷಿನಲ್ಲಿ ಅದು ‘ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್’ ಎಂಬ ಹೆಸರಿನಿಂದ ಅಗ್ಗದ ಬೆಲೆಗೆ ಸಿಗುತ್ತದೆ. ಸಂಭಾಷಣೆಗಳು ನಾಲ್ಕೇ. ಕೂರಲು ಜಾಗ ಸಿಕ್ಕರೆ ಬೊರಿವಲಿಯಲ್ಲಿ ಹತ್ತಿದವರು ಚರ್ಚ್‌ಗೇಟ್ ಬರುವಷ್ಟರಲ್ಲಿ ಅವನ್ನು ಓದಿ ಮುಗಿಸಬಹುದು. ಕಾಗದಗಳನ್ನು ಸಂಜೆಯ ಗಾಡಿಗೆ ಇಟ್ಟುಕೊಳ್ಳಿ.