ಮಹಾಮಾರಿಯ ಕಾಲದಲ್ಲಿ ಮಕ್ಕಳ ಶಾಲೆ: ತೆರೆಯಬೇಕೆ, ಮುಚ್ಚಬೇಕೆ?

ಮಗುವಿಗೆ ಜ್ವರ ಬಂದಾಗ ಶಾಲೆಗೆ ಕಳುಹಿಸಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸಲು ತಾಯಿಗೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಆದರೆ ಊರಿಗೆ ಊರೇ ಜ್ವರದಿಂದ ನರಳುತ್ತಿರುವಾಗ, ಆರೋಗ್ಯವಾಗಿರುವ ಮಗುವನ್ನು ಶಾಲೆಗೆ ಕಳುಹಿಸಬೇಕೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಕೋವಿಡ್ ಪಿಡುಗು ಹಬ್ಬಿದ್ದ ದಿನಗಳಲ್ಲಿ ಈ ಪ್ರಶ್ನೆ ಕಾಡದ ಮನೆಯಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡನ್ನು ಮಹಾಸಾಂಕ್ರಾಮಿಕವೆಂದು ಸಾರಿತು. ಆ ತಿಂಗಳು ಮುಗಿಯುವುದರೊಳಗೆ ನಮ್ಮ ದೇಶದ ಶಾಲೆಗಳೆಲ್ಲ ಮುಚ್ಚಿದ್ದವು. ಯುನೆಸ್ಕೋ ಸಂಸ್ಥೆಯ ಲೆಕ್ಕದಂತೆ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಕುಳಿತರು. ಮುಂಬಯಿಯಲ್ಲಿ 8ರಿಂದ 12ನೆಯ ತರಗತಿಗಳು 2021ರ ಅಕ್ಟೋಬರ್ 4ರಂದು ಆರಂಭವಾದವು. ಚಿಕ್ಕ ಮಕ್ಕಳ ತರಗತಿಗಳಿಗೆ ಡಿಸೆಂಬರ್ 15ರ ವರೆಗೆ ಕಾಯಬೇಕಾಯಿತು. 2022ರ ಜನವರಿ ಮೊದಲ ವಾರದಲ್ಲಿ ಬಹುತೇಕ ತರಗತಿಗಳು ಮತ್ತೆ ಮುಚ್ಚಿ, ಅದೇ ತಿಂಗಳು 24ರಂದು ತೆರೆದವು. ಅಂದರೆ, 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ತನ್ನ ತರಗತಿಯ ಕೋಣೆಯನ್ನು ಮೊದಲು ಕಂಡದ್ದು ಎರಡನೆಯ ತರಗತಿಯ ನಡುವಿನಲ್ಲಿ!

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆ ಭಯದ ದಿನಗಳು ಕಳೆದವು. ಆದರೆ ಅಂಟುಜಾಡ್ಯಗಳ ಚರಿತ್ರೆಯನ್ನು ಬಲ್ಲವರಾರೂ ಇದು ಕೊನೆಯದೆಂದು ಹೇಳಲಾರರು. ಆದುದರಿಂದ ಮನಸ್ಸು ಶಾಂತವಾಗಿರುವ ಈಗಲೇ ಈ ವಿಷಯವನ್ನು ವಿಚಾರಮಾಡುವುದು ಲೇಸು.

ಹಳೆಯ ಪಾಠಗಳು

ಪ್ಲೇಗು ಬಂದಾಗ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮ ಹಿರಿಯರಿಂದ ಹಲವರು ಕೇಳಿದ್ದೇವೆ. ಆ ರೋಗ ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುತ್ತಿತ್ತು. ಇಲಿ ಬಿದ್ದ ಮನೆಯನ್ನು ತೊರೆಯುವುದು ಆ ರೋಗಕ್ಕೆ ತಕ್ಕ ಉಪಾಯವಾಗಿತ್ತು. ಎಲ್ಲ ರೋಗಗಳಿಗೂ ಒಂದೇ ಉಪಾಯ ಸಲ್ಲದು.

1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಅಮೆರಿಕದ ಹೆಚ್ಚಿನ ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್, ಷಿಕಾಗೋ, ನ್ಯೂಹೇವನ್ ನಗರಗಳು ಮಾತ್ರ ಮುಚ್ಚಲಿಲ್ಲ. ನ್ಯೂಯಾರ್ಕಿನ ಆರೋಗ್ಯಾಧಿಕಾರಿ ಡಾ. ರಾಯಲ್ ಕೋಪ್‌ಲೆಂಡರ ತರ್ಕ ಮುಂಬಯಿಯವರಾದ ನಮಗೆ ಚೆನ್ನಾಗಿ ಅರ್ಥವಾಗುವಂಥದು. ಆ ನಗರದ ಸುಮಾರು 10 ಲಕ್ಷ ಶಾಲಾಮಕ್ಕಳಲ್ಲಿ ಮುಕ್ಕಾಲು ಪಾಲು ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ವಠಾರಗಳಲ್ಲಿ ವಾಸಿಸುತ್ತಿದ್ದರು. ಶಾಲೆಯ ಕೋಣೆ ಅವರ ಮನೆಗಿಂತ ಶುಚಿಯಾಗಿತ್ತು. ಅಲ್ಲಿ ವೈದ್ಯರೂ ದಾದಿಯರೂ ಇದ್ದರು. ಉಪಾಧ್ಯಾಯರು ಪ್ರತಿದಿನ ಬೆಳಿಗ್ಗೆ ಮಕ್ಕಳನ್ನು ಪರೀಕ್ಷಿಸಿ, ಕಾಯಿಲೆಯ ಚಿಹ್ನೆ ಕಂಡವರನ್ನು ಬೇರ್ಪಡಿಸುತ್ತಿದ್ದರು. ಬೀದಿಯಲ್ಲಿ ಅಲೆಯುವ ಮಗುವಿಗಿಂತ ಶಾಲೆಯಲ್ಲಿರುವ ಮಗುವಿನ ಮೇಲೆ ನಿಗಾ ಇಡುವುದು ಸುಲಭವೆಂಬುದು ಅವರ ನಿಲುವು.

ಷಿಕಾಗೋ ನಗರವೇ 1937ರಲ್ಲಿ ಪೋಲಿಯೋ ಹರಡಿದಾಗ ಬೇರೆ ದಾರಿ ಹಿಡಿಯಿತು. ಪೋಲಿಯೋ ಮುಖ್ಯವಾಗಿ ಮಕ್ಕಳನ್ನೇ ಬಲಿ ತೆಗೆದುಕೊಳ್ಳುವ ರೋಗ. ಆಗ ಅದಕ್ಕೆ ಲಸಿಕೆಯಿರಲಿಲ್ಲ. ಶಾಲೆಗಳನ್ನು ಕೆಲವು ವಾರ ತೆರೆಯದೆ, ರೇಡಿಯೋ ಮೂಲಕ ಪಾಠ ನಡೆಸಿದರು. ನಮ್ಮ ಕಾಲದ ಆನ್‌ಲೈನ್ ಪಾಠದ ಹಿರಿಯಣ್ಣ ಅದು! ಒಂದೇ ನಗರ ಒಂದು ರೋಗಕ್ಕೆ ಶಾಲೆ ತೆರೆದಿಟ್ಟಿತು, ಇನ್ನೊಂದಕ್ಕೆ ಮುಚ್ಚಿತು. ರೋಗವು ಯಾರನ್ನು ಹೆಚ್ಚು ಕಾಡುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ಅರಿಯದೆ ಶಾಲೆಯ ವಿಷಯ ನಿರ್ಧರಿಸಲಾಗದು.

ಕೋವಿಡ್ ಮತ್ತು ಮಕ್ಕಳು

ಕೋವಿಡ್ ವೃದ್ಧರಿಗೂ, ಮಧುಮೇಹ, ಹೃದ್ರೋಗ ಮೊದಲಾದ ಕಾಯಿಲೆಯುಳ್ಳವರಿಗೂ ಮೃತ್ಯುವಾಗಿ ಬಂದಿತು. ಮಕ್ಕಳಿಗೂ ಸೋಂಕು ತಗಲುತ್ತಿತ್ತು. ಆದರೆ ಬಹುಮಂದಿಗೆ ಅದು ಸಾಮಾನ್ಯ ನೆಗಡಿ ಜ್ವರದಂತೆ ಬಂದು ಹೋಗುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್-ಜುಲೈ ತಿಂಗಳಲ್ಲಿ ನಡೆಸಿದ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇ. 61.6ರಷ್ಟು ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಶಾಲೆಗಳು ಮುಚ್ಚಿದ್ದಾಗಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗಲಿ ಹೋಗಿತ್ತು! ವೈರಾಣು ಜೀವಕೋಶವನ್ನು ಹೊಗಲು ಹಿಡಿದುಕೊಳ್ಳುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆಯಾದುದರಿಂದ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದೆಂದು ಮಂಡಳಿಯ ಅಂದಿನ ಮಹಾನಿರ್ದೇಶಕ ಡಾ. ಬಲರಾಮ ಭಾರ್ಗವ ಅವರು ಜುಲೈನಲ್ಲಿ ಸೂಚಿಸಿದರು. ಆದರೂ ಬಹುತೇಕ ರಾಜ್ಯಗಳಲ್ಲಿ ದೊಡ್ಡ ತರಗತಿಗಳೇ ಮೊದಲು ತೆರೆದವು. ಪರೀಕ್ಷೆಯ ಚಿಂತೆ ಅಕ್ಷರದ ಚಿಂತೆಯನ್ನು ಹಿಂದಿಕ್ಕಿತು.

ಸ್ವೀಡನ್ ದೇಶವು 2020ರಲ್ಲಿ ಚಿಕ್ಕ ಮಕ್ಕಳ ಶಾಲೆಗಳನ್ನು ಮುಚ್ಚಲಿಲ್ಲ. ಆ ಮಾರ್ಚ್‌ನಿಂದ ಜೂನ್‌ವರೆಗೆ ಅಲ್ಲಿಯ 1ರಿಂದ 16 ವರ್ಷದ ಸುಮಾರು 19.5 ಲಕ್ಷ ಮಕ್ಕಳಲ್ಲಿ ಕೋವಿಡ್‌ನಿಂದ ತೀವ್ರನಿಗಾ ಘಟಕ ಸೇರಿದವರು 15 ಮಂದಿ. ಯಾವ ಮಗುವೂ ಸಾಯಲಿಲ್ಲ. ಆ ದೇಶದ ವಿರಳ ಜನವಸತಿಗೂ ನಮ್ಮ ನಗರಗಳ ಜನದಟ್ಟಣೆಗೂ ಹೋಲಿಕೆಯಿಲ್ಲ, ನಿಜ. ಆದರೆ ರೋಗವು ಮಕ್ಕಳ ಮೇಲೆ ಎಷ್ಟು ಬಲ ತೋರುತ್ತದೆಂಬುದಕ್ಕೆ ಅದೊಂದು ಅಳತೆಗೋಲು.

ಪಾಲಕರ ಭಯ

ಹಾಗೆಂದು ಪಾಲಕರ ಭಯ ನಿರಾಧಾರವಾಗಿತ್ತೆನ್ನಲಾಗದು. ಸೋಂಕಿನ ಕೆಲವು ವಾರಗಳ ತರುವಾಯ ಕೆಲವೇ ಮಕ್ಕಳಲ್ಲಾದರೂ ಹೃದಯವೇ ಮೊದಲಾದ ಅಂಗಗಳಿಗೆ ಉರಿಯೂತ ಬಂದು ಪ್ರಾಣಾಪಾಯವಾಗುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಮನೆಯ ಹಿರಿಯರದು. ಚಾಳಿನ ಒಂದೇ ಕೋಣೆಯಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ವಾಸಿಸುವಾಗ ರೋಗಿಯನ್ನು ಪ್ರತ್ಯೇಕವಾಗಿಡುವುದೆಲ್ಲಿ? 2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಅಲೆದವರಿಗೆ ಶಾಲೆಯ ಮಾತು ಹಿಡಿಸದಿದ್ದರೆ ತಪ್ಪೇನು?

ಎಚ್ಚರಿಕೆಯಿಲ್ಲದೆ ಶಾಲೆ ತೆರೆದರೆ ಆಗುವುದೇನೆಂಬುದಕ್ಕೂ ಉದಾಹರಣೆಯಿದೆ. 2020ರ ಮೇ ತಿಂಗಳಲ್ಲಿ ಜೆರುಸಲೇಮಿನ ಒಂದು ಪ್ರೌಢಶಾಲೆ ಪೂರ್ತಿ ತೆರೆಯಿತು. ತರಗತಿಗೆ 35-38 ಮಕ್ಕಳು. ಬಿಸಿಗಾಳಿಯ ಕಾರಣ ಮುಖಗವಸಿಗೆ ವಿನಾಯಿತಿ. ಹವಾನಿಯಂತ್ರಣ ಸದಾ ಚಾಲೂ. ಎರಡೇ ವಾರಗಳಲ್ಲಿ ರೋಗ ಸ್ಫೋಟಿಸಿ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗಲಿತು. ಇಲ್ಲಿ ಹಾನಿ ಮಾಡಿದ್ದು ತೆರೆದ ಬಾಗಿಲಲ್ಲ, ಮುಚ್ಚಿದ ಕಿಟಕಿ ಮತ್ತು ಜನದಟ್ಟಣೆ.

ಮುಚ್ಚಿದ ಶಾಲೆಯ ಬೆಲೆ

ರೋಗದ ಹಾನಿಯನ್ನು ಪ್ರತಿದಿನ ಪತ್ರಿಕೆಗಳು ಎಣಿಸಿ ಹೇಳುತ್ತಿದ್ದವು. ಶಾಲೆ ಮುಚ್ಚಿದ ಹಾನಿಯನ್ನು ಎಣಿಸುವವರು ಕಡಿಮೆಯಿದ್ದರು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಪರೀಕ್ಷಿಸಿದರು. ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ, ಶೇ. 82ರಷ್ಟು ಮಕ್ಕಳು ಕನಿಷ್ಠ ಒಂದು ಗಣಿತದ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಕಲಿಕೆ ನಿಂತದ್ದು ಮಾತ್ರವಲ್ಲ, ಕಲಿತದ್ದೂ ಮರೆತುಹೋಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತಿತರರು ಬಡ ಕುಟುಂಬಗಳ ಸುಮಾರು 1,400 ಮಕ್ಕಳ ನಡುವೆ ನಡೆಸಿದ ಸಮೀಕ್ಷೆಯಲ್ಲಿ, ಆನ್‌ಲೈನಿನಲ್ಲಿ ಕ್ರಮವಾಗಿ ಓದುತ್ತಿದ್ದವರು ನಗರಗಳಲ್ಲಿ ಶೇ. 24, ಹಳ್ಳಿಗಳಲ್ಲಿ ಶೇ. 8 ಮಾತ್ರ.

ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 27.3 ಇದ್ದವರು 2022ರಲ್ಲಿ ಶೇ. 20.5ಕ್ಕೆ ಇಳಿದರು. 2024ರ ವೇಳೆಗೆ ಈ ಪ್ರಮಾಣ ಶೇ. 27.1ಕ್ಕೆ ಏರಿತು. ಇದು ಸಮಾಧಾನದ ಸಂಗತಿ. ಆದರೆ ಈ ಚೇತರಿಕೆ ಹೊಸದಾಗಿ ಬಂದ ಮಕ್ಕಳದು. ಹೆತ್ತವರು ಸಾಲ ಮಾಡಿ ಫೋನು ಕೊಂಡರೂ ಪಾಠ ತಲೆಗೆ ಹತ್ತದೆ ಹೋದ ಆ ಮಕ್ಕಳ ಎರಡು ವರ್ಷಗಳು ಹಿಂದಿರುಗಿ ಬರಲಿಲ್ಲ.

ಶಾಲೆಯೆಂದರೆ ಪಾಠ ಮಾತ್ರವಲ್ಲ, ಅಲ್ಲಿ ಮಧ್ಯಾಹ್ನದ ಊಟವಿದೆ, ಆಟವಿದೆ, ಒಡನಾಟವಿದೆ. ದಿನವೆಲ್ಲ ಪರದೆ ನೋಡಿದ ಕಣ್ಣುಗಳ ಅವಸ್ಥೆಯನ್ನು ನೇತ್ರವೈದ್ಯರು ಬಲ್ಲರು. ಚೀನಾದ ಫೀಚೆಂಗ್ ನಗರದಲ್ಲಿ 6 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹಿಂದಿನ ವರ್ಷಗಳಲ್ಲಿ ಶೇ. 5.7ನ್ನು ಮೀರಿರಲಿಲ್ಲ, 2020ರಲ್ಲಿ ಅದು ಶೇ. 21.5ಕ್ಕೆ ಏರಿತ್ತು.

ಹೊರನಾಡ ಕನ್ನಡಿಗರ ಮಕ್ಕಳಿಗೆ ಇನ್ನೊಂದು ನಷ್ಟವೂ ಉಂಟು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕೂಲಿ ಅರಸಿ ಬಂದ ಕುಟುಂಬಗಳ ಮಕ್ಕಳು ಹಲವರಿದ್ದಾರೆ. ಲಾಕ್‌ಡೌನಿನಲ್ಲಿ ಎಷ್ಟೋ ಕುಟುಂಬಗಳು ಊರಿಗೆ ಮರಳಿದವು. ಮಗುವಿನ ಹೆಸರು ಇಲ್ಲಿಯ ಹಾಜರಿ ಪುಸ್ತಕದಲ್ಲಿ, ಮಗು ಅಲ್ಲಿಯ ಹೊಲದಲ್ಲಿ! ಬೀದಿಯ ಫಲಕವಾಗಲಿ ಅಂಗಡಿಯ ಚೀಟಿಯಾಗಲಿ ಕನ್ನಡದಲ್ಲಿರದ ಈ ನಗರದಲ್ಲಿ ಅಂಥ ಮಗುವಿಗೆ ಕನ್ನಡ ಅಕ್ಷರ ಕಾಣಸಿಗುವುದು ಶಾಲೆಯಲ್ಲಿ ಮಾತ್ರ.

ಹಾಗಾದರೆ ಮಾಡಬೇಕಾದುದೇನು?

ರೋಗದ ಹಾನಿ ಹೆಚ್ಚಾಗಿ ಹಿರಿಯರಿಗೆ, ಶಾಲೆ ಮುಚ್ಚಿದ ಹಾನಿ ಪೂರ್ತಿಯಾಗಿ ಮಕ್ಕಳಿಗೆ, ಅವರಲ್ಲಿಯೂ ಬಡವರ ಮಕ್ಕಳಿಗೆ. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ, ಕೋವಿಡ್‌ನಂತಹ ರೋಗದಲ್ಲಿ ಶಾಲೆ ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು. ಚಿತ್ರಮಂದಿರ, ಮದುವೆಯ ಮಂಟಪ, ಮಾಲುಗಳು ತೆರೆದಿದ್ದು ಶಾಲೆ ಮಾತ್ರ ಮುಚ್ಚಿರುವುದು ನ್ಯಾಯವಲ್ಲ. ಮಕ್ಕಳನ್ನೇ ಕೊಲ್ಲುವ ರೋಗ ಬಂದರೆ ಮಾತು ಬೇರೆ. 2023ರ ಸೆಪ್ಟೆಂಬರಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಮಾರಕವಾದ ನಿಪಾ ರೋಗ ಕಂಡಾಗ ಆ ಜಿಲ್ಲೆಯ ಶಾಲೆಗಳನ್ನು ಕೆಲವು ದಿನ ಮುಚ್ಚಿದರು. ಅಪಾಯ ಕಳೆದೊಡನೆ ತೆರೆದರು. ಮುಚ್ಚಲೇಬೇಕಾದಾಗ ಹೀಗೆ ಸೀಮಿತ ಸ್ಥಳದಲ್ಲಿ, ಸೀಮಿತ ಕಾಲಕ್ಕೆ ಮುಚ್ಚಬೇಕು.

ಶಾಲೆ ತೆರೆದಾಗ ಪಾಲಕರೂ ಉಪಾಧ್ಯಾಯರೂ ಗಮನಿಸಬೇಕಾದ ಅಂಶಗಳು:

1. ಜ್ವರ, ಕೆಮ್ಮು, ವಾಂತಿಭೇದಿ ಇರುವ ಮಗುವನ್ನು ಶಾಲೆಗೆ ಕಳುಹಿಸಬಾರದು. ಪಿಡುಗಿನ ವರ್ಷದಲ್ಲಿ ಪೂರ್ಣ ಹಾಜರಿಗೆ ಬಹುಮಾನ ಕೊಡುವ ಪದ್ಧತಿ ಬೇಡ.

2. ಕೋವಿಡ್ ಮುಖ್ಯವಾಗಿ ಗಾಳಿಯಿಂದ ಹರಡಿದ ರೋಗ. ಬೆಂಚುಗಳನ್ನು ಒರೆಸುವುದಕ್ಕಿಂತ ಕಿಟಕಿಗಳನ್ನು ತೆರೆಯುವುದು ಮುಖ್ಯ. ಮುಖಗವಸು ತೆಗೆದು ಉಣ್ಣುವ ಹೊತ್ತು ಅಪಾಯದ ಹೊತ್ತು. ಊಟ ಅಂಗಳದಲ್ಲಿ ಆಗಲಿ. 5 ವರ್ಷದೊಳಗಿನ ಮಕ್ಕಳಿಗೆ ಮುಖಗವಸು ಬೇಡ.

3. ಮಕ್ಕಳ ಲಸಿಕೆಗಾಗಿ ಕಾಯುತ್ತ ಕೂರದೆ ಮೊದಲು ಹಿರಿಯರಿಗೆ ಲಸಿಕೆ ಹಾಕಿಸಬೇಕು. ನಮ್ಮಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. 12ರಿಂದ 14 ವರ್ಷದವರ ಸರದಿ ಬಂದದ್ದು 2022ರ ಮಾರ್ಚ್‌ನಲ್ಲಿ. ಉಪಾಧ್ಯಾಯರು, ಆಯಾ, ಶಾಲಾವಾಹನದ ಚಾಲಕ, ಮನೆಯ ಅಜ್ಜ ಅಜ್ಜಿ, ಇವರ ಲಸಿಕೆಯೇ ಶಾಲೆಯ ರಕ್ಷಾಕವಚ.

4. ದೀರ್ಘ ಕಾಯಿಲೆಯುಳ್ಳ ಮಕ್ಕಳ ವಿಷಯದಲ್ಲಿ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಅಂಥವರಿಗೆ ಹಾಜರಿಯ ಒತ್ತಾಯ ಸಲ್ಲದು.

5. ಒಂದು ಮಗುವಿಗೆ ರೋಗ ಬಂದರೆ ಆ ತರಗತಿಯನ್ನು ಕೆಲವು ದಿನ ನಿಲ್ಲಿಸಿದರೆ ಸಾಕು, ಶಾಲೆಯನ್ನೇ ಮುಚ್ಚಬೇಕಾಗಿಲ್ಲ.

6. ಮರಳಿ ಬಂದ ಮಕ್ಕಳಿಗೆ ಬಿಟ್ಟುಹೋದ ಪಾಠಗಳನ್ನೆಲ್ಲ ಒಮ್ಮೆಲೇ ತುರುಕಬಾರದು. ಮೊದಲು ಓದು, ಬರಹ, ಲೆಕ್ಕ, ಜೊತೆಗೆ ಆಟ.

ಸಮಾಜದ ಹೊಣೆ

ತೆರೆಯುವುದಕ್ಕೂ ಮುಚ್ಚುವುದಕ್ಕೂ ನಡುವೆ ಮತ್ತೊಂದು ದಾರಿಯೂ ಇದೆ. ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಪ್ರಾಂಗಣದಲ್ಲಿ, ಮರದ ನೆರಳಿನಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತಾದರೂ 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲಿ ಮತ್ತೆ ಆರಂಭವಾಯಿತು. ನಮ್ಮ ನೆರೆಯ ಸೊಲ್ಲಾಪುರದ ನೀಲಂನಗರದಲ್ಲಿ ಮನೆಗಳ ಹೊರಗೋಡೆಗಳ ಮೇಲೆಯೇ ಪಾಠಗಳನ್ನು ಬರೆಯಿಸಿದರು. ಮಕ್ಕಳು ಓಣಿಯಲ್ಲಿ ನಡೆಯುತ್ತ ಓದಿದರು.

ನಗರಗಳಲ್ಲಿ ಇಂತಹ ಕಾರ್ಯಕ್ಕೆ ಕನ್ನಡ ಸಂಘಗಳು ಮುಂದಾಗಬೇಕು. ವರ್ಷದಲ್ಲಿ ಹಲವು ದಿನ ಖಾಲಿ ಇರುವ ಸಭಾಗೃಹಗಳಿವೆ, ನಿವೃತ್ತ ಉಪಾಧ್ಯಾಯರಿದ್ದಾರೆ, ವೈದ್ಯರಿದ್ದಾರೆ. ಮುಂದೆ ಎಂದಾದರೂ ಶಾಲೆ ಮುಚ್ಚಬೇಕಾಗಿ ಬಂದರೆ, ಎತ್ತರದ ಕಿಟಕಿಗಳ ಆ ಸಭಾಗೃಹಗಳಲ್ಲಿ ಹತ್ತು ಹತ್ತು ಮಕ್ಕಳನ್ನು ಕೂರಿಸಿ ಅಕ್ಷರ ಮರೆಯದಂತೆ ನೋಡಿಕೊಳ್ಳಬಹುದು. ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರು ಊರಿಗೆ ಹೋಗಿ ಶಾಲೆ ಬಿಟ್ಟಿದ್ದಾರೆ ಎಂಬ ಪಟ್ಟಿಯನ್ನು ಇಂದಿನಿಂದಲೇ ಇಟ್ಟುಕೊಳ್ಳಬಹುದು.

ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ನಿದ್ದೆ ತಡೆದು ಓದಿ ಮೇಲೆ ಬಂದ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಅನೇಕರು. ಒಂದು ವರ್ಷದ ಓದು ತಪ್ಪಿದರೆ ಬಡ ಹುಡುಗನ ಬಾಳು ಎತ್ತ ತಿರುಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಾದ ನಾವು ಮುಂದಿನ ಪಿಡುಗಿನಲ್ಲಿ ಅಜ್ಜ ಅಜ್ಜಿಯರ ಪ್ರಾಣವನ್ನೂ ಕಾಯೋಣ, ಮಕ್ಕಳ ಅಕ್ಷರವನ್ನೂ ಕಾಯೋಣ.